ಮಹಡಿಯ ಕಂಪ್ಯೂಟರು ಕಾಣುತ್ತಿಲ್ಲ

“ಅದು ಕಾಣೋ ತನಕ ನೀನು ಈ ಹೊಸ್ತಿಲು ದಾಟೋ ಹಾಗಿಲ್ಲ.”

ಶಿವಮೂರ್ತಪ್ಪ ತಲೆಬಾಗಿಲಿನ ಅಗಳಿ ಹಾಕಿದ. ಅದಕ್ಕೆ ಬೆನ್ನು ಕೊಟ್ಟು ಕುರ್ಚಿ ಎಳೆದುಕೊಂಡು ಕೂತ. ಕಂಪ್ಯೂಟರು ರಿಪೇರಿಯ ಸೊರಬದ ಹುಡುಗ ಹೇಮಂತ್ ಕೈಗಡಿಯಾರ ನೋಡಿಕೊಂಡ. ಮೂರು ಗಂಟೆ. ಎರಡು ಗಂಟೆಗೆ ಅವನು ಈ ಮನೆ ಹೊಕ್ಕಿದ್ದ. ಅರ್ಧ ಗಂಟೆಯ ಕೆಲಸ ಎಂದುಕೊಂಡಿದ್ದ.

ಶಿಕಾರಿಪುರದ ಆ ಬೀದಿಯಲ್ಲಿ ಕಂಪ್ಯೂಟರು ಇದ್ದದ್ದೇ ಈ ಮನೆಯಲ್ಲಿ, ಅದೂ ಎರಡು. ಮಹಡಿಯದರಲ್ಲಿ ಮಗಳು ರಕ್ಷಿತಾ ಲಗ್ನಪತ್ರಿಕೆ ಟೈಪು ಮಾಡುತ್ತಿದ್ದಳು. ಕೆಳಗಿನದರಲ್ಲಿ ಅಪ್ಪ ಅದನ್ನು ತೆರೆದು ಪ್ರಿಂಟು ತೆಗೆಯುತ್ತಿದ್ದ. ನಡುವೆ ಒಂದು ಕರಿ ವೈರು. ಆರು ತಿಂಗಳ ಹಿಂದೆ ಅದನ್ನು ಎಳೆದುಕೊಟ್ಟವನು ಹೇಮಂತನೇ.

ಬೆಳಿಗ್ಗೆ ಅಪ್ಪ ಕೆಳಗೆ ಕೂತು ನೋಡಿದಾಗ ಮಗಳ ಕಂಪ್ಯೂಟರಿನಲ್ಲಿ ಹೊಸ ಫೋಲ್ಡರೊಂದು ಕಂಡಿತ್ತು. ಒತ್ತಿದರೆ ಪಾಸ್‌ವರ್ಡ್ ಕೇಳಿತು. ಊಟ ಮುಗಿಸಿ ಬಂದು ನೋಡಿದರೆ ಫೋಲ್ಡರು ಹಾಗಿರಲಿ, ಮಹಡಿಯ ಕಂಪ್ಯೂಟರೇ ಪರದೆಯಿಂದ ಮಾಯ. “ಸೊರಬದ ಹುಡುಗ ಇವತ್ತು ಟೈಪಿಂಗ್ ಶಾಲೆಗೆ ಬಂದಾನಂತೆ, ಕರೆಸ್ರೀ” ಎಂದವಳು ಹೆಂಡತಿ ನಿರ್ಮಲಮ್ಮ.

ಫೋಲ್ಡರಿನಲ್ಲಿ ಏನಿದೆ ಎಂದು ಶಿವಮೂರ್ತಪ್ಪನಿಗೆ ಗೊತ್ತಿತ್ತು. ಯಾವನಿಗೋ ಬರೆದ ಕಾಗದ. ಇಲ್ಲದಿದ್ದರೆ ಸೊರಬದ ಶಾಲೆಯ ಟೀಚರ್ ಕೆಲಸಕ್ಕೆ ಈ ಪಾಟಿ ಹಟ ಯಾಕೆ? ಆರ್ಡರು ಬಂದ ದಿನವೇ ಅವನು ಮಗಳನ್ನು ಮಹಡಿಯ ಕೋಣೆಗೆ ತಳ್ಳಿ ಬೀಗ ಜಡಿದಿದ್ದ. ಇವತ್ತಿಗೆ ಮೂರು ದಿನ. ಇವತ್ತು ಸಂಜೆ ಐದರೊಳಗೆ ಹಾಜರಾಗದಿದ್ದರೆ ಕೆಲಸ ರದ್ದು. ಐದು ಹೊಡೆಯುವ ತನಕ ತಾನು ಆ ಬೀಗ ಮುಟ್ಟುವುದಿಲ್ಲ ಎಂದು ಆಣೆ ಹಾಕಿಕೊಂಡಿದ್ದ. ಸ್ನಾನಕ್ಕೆ, ಊಟಕ್ಕೆ ಮಾತ್ರ ಕೀಲಿ ನಿರ್ಮಲಮ್ಮನ ಕೈಗೆ ಹೋಗಿ, ಮತ್ತೆ ಅವನ ಉಡಿದಾರಕ್ಕೆ ವಾಪಸಾಗುತ್ತಿತ್ತು. ತಾಯಿ ಮಗಳು ಮಾತಾಡಕೂಡದು ಎಂದೂ ಅಪ್ಪಣೆಯಾಗಿತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಎದುರಾಡದ ಹೆಂಗಸು ಅವಳು.

“ಮೇಲೆ ಹೋಗಿ ನೋಡ್ಬೇಕು ಯಜಮಾನ್ರೇ,” ಎಂದ ಹೇಮಂತ್. “ಇಲ್ಲಿ ಕೂತು ಎಷ್ಟು ಒತ್ತಿದ್ರೂ ಅಷ್ಟೇ.”

“ಮೇಲೆ? ನೀನಾ? ಸೊರಬದೋನು ನನ್ನ ಮಗಳ ಕೋಣೆಗೆ?”

ಹೇಮಂತನ ಕಿವಿ ಕೆಂಪಾಯಿತು. ಶಿವಮೂರ್ತಪ್ಪ ಅದನ್ನೂ ಗಮನಿಸಿದ.

“ಕಂಪ್ಯೂಟರಿನ ಮಾತಷ್ಟೇ ನಾನು ಕೇಳಿ ಬರ್ತೀನಿ ಬಿಡ್ರಿ.” ನಿರ್ಮಲಮ್ಮ ರೊಟ್ಟಿ ತಟ್ಟುವುದನ್ನು ಬಿಟ್ಟು ಎದ್ದು ಬಂದಿದ್ದಳು. ಮೆಟ್ಟಿಲು ಹತ್ತಿದಳು, ಮುಚ್ಚಿದ ಬಾಗಿಲಿಗೆ ಬಾಯಿ ಹಚ್ಚಿದಳು, ಇಳಿದಳು. “ಚಾಲೂನೇ ಐತಂತೆ.”

“ವೈರು ಅಲ್ಲಾಡ್ತದಾ ಅಮ್ಮಾ?”

ಹತ್ತಿದಳು. ಇಳಿದಳು. “ಗಟ್ಟಿ ಐತಂತೆ.”

“ಕಂಪ್ಯೂಟರುಗಳನ್ನ ಕೂಡಿಸೋ ವರ್ಕ್‌ಗ್ರೂಪ್ ಹೆಸರು?”

“ಅದು ಎರಡರಲ್ಲೂ ಒಂದೇ ಐತೆ,” ಎಂದವಳು ತಡೆದಳು. “ಕೇಳಿ ಬರ್ತೀನಿ ತಡೀರಿ.”

ಮಗಳನ್ನು ತಾನೇ ಕೂಗಿ ಕೇಳೋಣವೆಂದರೆ ಮೂರು ದಿನದಿಂದ ಅವಳು ಅಪ್ಪನಿಗೆ ಓಗೊಟ್ಟಿರಲಿಲ್ಲ.

ಮೌಸು ಅಂಟುತ್ತಿತ್ತು. ಹೇಮಂತ್ ಅದನ್ನು ಮಗುಚಿ ಒಳಗಿನ ಗುಂಡು ತೆಗೆದ. ಬಿಳಿ ಪುಡಿ ಉದುರಿತು. ಕೀಬೋರ್ಡಿನ ಸಂದಿಯಲ್ಲೂ ಅದೇ. “ಹಿಟ್ಟು,” ಎಂದ.

“ಮಧ್ಯಾಹ್ನ ನಾನು ಮಲಗಿದಾಗ ಇವಳು ಒರೆಸ್ತಾಳೆ. ಅದೇ ಕೈಯಲ್ಲಿ! ಹೆಬ್ಬೆಟ್ಟು ಒತ್ತೋಳಿಗೆ ಇನ್ನೇನು ತಿಳೀತೈತೆ?”

“ಒಂದು ಮಾತು ಮಾರಾಯ್ರೆ,” ಎಂದ ಹೇಮಂತ್. “ಈ ವೈರು ನಿಮ್ಮ ಮನೆ ಬಿಟ್ಟು ಹೊರಗೆ ಹೋಗಲ್ಲ. ಮೇಲೆ ಬರೆದದ್ದನ್ನ ಓದ್ಬೇಕು ಅಂದ್ರೆ ಈ ಕುರ್ಚೀಲೇ ಕೂರ್ಬೇಕು.”

“ಇಲ್ಲಿ ಕೂರೋನು ನಾನೊಬ್ಬ.” ಶಿವಮೂರ್ತಪ್ಪನ ಕಣ್ಣು ಕಿರಿದಾಯಿತು. “ನಾನು ಬಿಟ್ರೆ, ತಿಂಗಳಿಗೊಂದು ಸಲ ರಿಪೇರಿ ನೆಪದಲ್ಲಿ ಬರೋ ನೀನು.”

ಹೇಮಂತ್ ಬೆರಳಿಗಂಟಿದ ಹಿಟ್ಟು ನೋಡಿಕೊಂಡ. ಏನೋ ಹೇಳಹೊರಟ. ಚಹಾದ ಲೋಟ ಹಿಡಿದು ನಿರ್ಮಲಮ್ಮ ಎದುರಿಗೆ ನಿಂತಿದ್ದಳು. ಲೋಟ ತೆಗೆದುಕೊಂಡು ಮತ್ತೆ ಪರದೆಯ ಕಡೆ ತಿರುಗಿದ.

ನಾಲ್ಕಾಯಿತು. ಸೊರಬದ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು. ನಾಲ್ಕೂವರೆ. ಮತ್ತೊಂದು. ಹೇಮಂತ್ ಒಂದೇ ಕಡೆ ಒತ್ತುತ್ತಲೇ ಇದ್ದ. ನಿರ್ಮಲಮ್ಮ ಹತ್ತುತ್ತ ಇಳಿಯುತ್ತಲೇ ಇದ್ದಳು.

ಗೋಡೆ ಗಡಿಯಾರ ಐದು ಹೊಡೆಯಿತು. ಶಿವಮೂರ್ತಪ್ಪನ ಮುಖ ಅರಳಿತು.

“ಮುಗೀತು ಟೀಚರಿಕೆ. ಇನ್ನು ನಾನೇ ನೋಡ್ತೀನಿ. ಏಯ್, ಅಲ್ಲೇ ಕೂತಿರು. ನಿನ್ನ ವಿಚಾರ ಆಮೇಲೆ.”

ಮೆಟ್ಟಿಲು ಹತ್ತಿದ. ಹಿಂದೆಯೇ ನಿರ್ಮಲಮ್ಮ. ಬೀಗ ತೆಗೆದು, ಕೀಲಿ ಸಮೇತ ಕೊಂಡಿಗೇ ನೇತುಹಾಕಿ, ಬಾಗಿಲು ದೂಡಿ ಒಳಗೆ ನುಗ್ಗಿದ.

ಕೋಣೆ ಖಾಲಿ. ಹಾಸಿಗೆ ಸುತ್ತಿಟ್ಟಿತ್ತು. ಗೂಟದಲ್ಲಿ ಚೀಲವಿರಲಿಲ್ಲ. ಕಂಪ್ಯೂಟರು ಚಾಲೂ ಇತ್ತು. ಅದರ ಹಿಂದಿನ ಕರಿ ವೈರು ಕಳಚಿ ನೇತಾಡುತ್ತಿತ್ತು. ತುದಿಯಲ್ಲಿ ಒಣಗಿದ ಹಿಟ್ಟು. ಪರದೆಯ ಮೇಲೆ ಆ ಫೋಲ್ಡರಿನ ಕಾಗದ ತೆರೆದೇ ಇತ್ತು. ಬಗ್ಗಿ ಓದಿದ.

“ರಕ್ಷಿ, ನೀನು ಕಲಿಸಿದ ಅಕ್ಷರದಲ್ಲೇ ಬರೀತಿದೀನಿ. ನಾಳೆ ಊಟ ತಂದಾಗ ಹಿತ್ತಲಿಂದ ಹೋಗಿಬಿಡು. ಒಂದೂವರೆ ಬಸ್ಸು ಮೂರೂವರೆಗೆ ಸೊರಬದಲ್ಲಿ ಇರ್ತೈತೆ. ವೈರು ನಾನು ಕೀಳ್ತೀನಿ. ಐದರ ತನಕ ಇವರನ್ನ ಕೆಳಗೇ ಕೂರಿಸ್ತೀನಿ. ನಿನ್ನ ಅವ್ವ.”

ಬೆನ್ನ ಹಿಂದೆ ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಬೀಗ ಕಚ್ಚಿಕೊಂಡಿತು.

“ಈಗ ಕಾಣ್ತೈತೇನ್ರೀ?” ಎಂದಳು ನಿರ್ಮಲಮ್ಮ, ಹೊರಗಿನಿಂದ.