ನಾಲಿಗೆಯಡಿಯ ಕೀಲು

ಮೆಕ್ಯಾನಿಕ್ ಸತೂರಿಯೋ ಉತ್ತರ ಕೊಡಲಿಲ್ಲ, ಬಾಯಲ್ಲಿ ಕೀಲಿತ್ತು. ದೋಣಿಯ ಮೋಟರಿನಿಂದ ಶಾಫ್ಟನ್ನು ಹೊರಗೆಳೆದಾಗ, ನೀರಿನ ಪಂಪಿನ ಚಕ್ರವನ್ನು ಅದಕ್ಕೆ ಕಚ್ಚಿಸುವ ಅರ್ಧಚಂದ್ರದಂಥ ಆ ತುಣುಕು ಮರಳಿನಲ್ಲಿ ಕಳೆಯದಿರಲೆಂದು ಆ ದಡದ ಮೆಕ್ಯಾನಿಕ್ಕುಗಳೆಲ್ಲ ನಾಲಿಗೆಯಡಿ ಇಟ್ಟುಕೊಳ್ಳುತ್ತಿದ್ದರು.

"ಗ್ವಾಪಿಗೆ ಹೋಗ್ತಿದ್ದೀನಿ, ಅಕ್ಕನ ಮನೆಗೆ. ಮತ್ತೆ ಬರಲ್ಲ," ಎಂದು ದೋಣಿಯ ಒಡತಿ ಎರ್ಮೆಲಿಂಡಾ ಇನ್ನೊಮ್ಮೆ ಹೇಳಿದಳು. ಗಂಡ ಸತ್ತ ಮೇಲೆ ಆರು ವರ್ಷ ಅವಳ ಮೋಟರನ್ನು ನೋಡಿಕೊಂಡವನು ಇವನೇ. "ಹೋಗ್ಬೇಡ ಅನ್ನೋದಾದ್ರೆ ಈಗ್ಲೇ ಅನ್ನು. ಬಾಯಲ್ಲಿ ಕೀಲಿದ್ರೆ ತಲೆ ಆಡಿಸೋಕೂ ಆಗಲ್ವೇನೋ, ಮುದಿಯಾ?"

ಅವನು ತಲೆಯನ್ನು ಇನ್ನಷ್ಟು ತಗ್ಗಿಸಿ ಪಂಪನ್ನು ಮುಚ್ಚಿದ, ಶಾಫ್ಟನ್ನು ಮೇಲಕ್ಕೆ ತೂರಿಸಿದ, ಬೋಲ್ಟು ಬಿಗಿದ.

ಬಟ್ಟೆಗಂಟಿನೊಂದಿಗೆ ದೋಣಿ ಹತ್ತಿದ ಎರ್ಮೆಲಿಂಡಾ ಮೋಟರಿನ ಹಗ್ಗ ಎಳೆದಳು. ಅದು ಗುಡುಗಿತು. ಆದರೆ ಹಿಂದಿನ ತೂತಿನಿಂದ ಚಿಮ್ಮಬೇಕಾದ ನೀರು ಚಿಮ್ಮಲಿಲ್ಲ. ತಂಪು ಮಾಡುವ ನೀರಿಲ್ಲದೆ ಹೀಗೇ ಬಿಟ್ಟರೆ ಮೋಟರ್ ಸುಟ್ಟೇ ಹೋಗುತ್ತದೆ. ಅವಳು ಗಾಬರಿಯಿಂದ ಆರಿಸಿ ತಿರುಗಿದಳು. ಸತೂರಿಯೋ ಕೀಲನ್ನು ಅಂಗೈಗೆ ಉಗುಳಿದ.

"ಈ ಕೆಲಸದ ಮೂವತ್ತು ವರ್ಷದಲ್ಲಿ ಯಾವತ್ತಾದ್ರೂ ಇದನ್ನ ಹಾಕೋದು ಮರ್ತಿದ್ಯಾ?" ಎಂದಳು ಅವಳು.

"ಇಲ್ಲ."

ಎರ್ಮೆಲಿಂಡಾ ಆ ಅಂಗೈಯನ್ನೇ ನೋಡುತ್ತ ನಿಂತಳು. ಆಮೇಲೆ ಗಂಟನ್ನೆತ್ತಿ ದಡಕ್ಕೆ ಎಸೆದಳು.

"ಮೋಟರನ್ನ ನಿಧಾನಕ್ಕೆ ಬಿಚ್ಚು," ಎಂದಳು. "ನಂಗೇನೂ ಅವಸರ ಇಲ್ಲ."