ದಾವಣಗೆರೆಯ ಕುಕ್ಕರ್ ಸಭೆ

ಭಾವಪಟ್ಟಿ ಕಟ್ಟಿಕೊಳ್ಳದೆ ಮಾತಾಡುವವರನ್ನು ಈಗ ಯಾವ ವ್ಯಾಪಾರಿಯೂ ನಂಬುವುದಿಲ್ಲ. ಮಾತಾಡುವವರ ಎದೆಯಲ್ಲಿ ಏನಿದೆಯೋ ಅದು ಆ ಪಟ್ಟಿಯ ಮೂಲಕ ಸಭೆಯಲ್ಲಿರುವ ಎಲ್ಲರ ಎದೆಗೂ ಇಳಿಯುತ್ತದೆ. ದಾವಣಗೆರೆಯ ಹೋಟೆಲೊಂದರಲ್ಲಿ ಅಂಗಡಿಯವರಿಗೆ ಹೊಸ ಪ್ರೆಷರ್ ಕುಕ್ಕರ್ ಪರಿಚಯಿಸಬೇಕಿದ್ದ ನಾಗವೇಣಿ, ಪಟ್ಟಿಯನ್ನು ಕುತ್ತಿಗೆಗೆ ಕಟ್ಟಿಕೊಳ್ಳಲು ಹಿಂಜರಿದಳು. ಹಿಂದಿನ ವಾರವಷ್ಟೇ ಅವಳ ತಂಗಿ ತೀರಿಕೊಂಡಿದ್ದಳು.

"ಸರ್, ಇವತ್ತು ಬೇರೆ ಯಾರಾದರೂ ಮಾತಾಡಲಿ," ಎಂದು ಮ್ಯಾನೇಜರ್ ಪಂಚಾಕ್ಷರಿಯನ್ನು ಕೇಳಿಕೊಂಡಳು.

"ಏನಾದರೂ ಖುಷಿಯ ವಿಷಯ ನೆನಪು ಮಾಡಿಕೊಳ್ಳಿ ಮೇಡಂ, ಆಗುತ್ತೆ," ಎಂದ ಅವನು.

ಅವಳು ನೆನಪು ಮಾಡಿಕೊಂಡಳು. ಆದರೆ ಖುಷಿಯ ನೆನಪುಗಳಲ್ಲೆಲ್ಲ ತಂಗಿಯೇ ಇದ್ದಳು. ಗ್ಯಾಸ್ ಉಳಿತಾಯದ ಮಾತಿಗೆ ಬರುವಷ್ಟರಲ್ಲಿ ಮುಂದಿನ ಸಾಲಿನ ಪಾತ್ರೆ ವ್ಯಾಪಾರಿಯೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮುಚ್ಚಳ ಹಾಕುವ ಬಗೆ ತೋರಿಸುವಾಗ ಸಭೆಗೆ ಸಭೆಯೇ ಬಿಕ್ಕುತ್ತಿತ್ತು. ಅದನ್ನು ತಡೆಯುವುದು ಅವಳಿಂದಾಗಲಿಲ್ಲ. ಹೇಗೋ ವಾರಂಟಿಯವರೆಗೂ ಹೇಳಿ ಮುಗಿಸಿದಳು.

ಕೆಲಸ ಹೋಯಿತೆಂದುಕೊಂಡು ಪಟ್ಟಿ ಬಿಚ್ಚುತ್ತಿದ್ದಾಗ ಪಂಚಾಕ್ಷರಿ ಬಂದ. ಬಂದಿದ್ದ ಅಂಗಡಿಯವರೆಲ್ಲ ಆರ್ಡರ್ ಕೊಟ್ಟಿದ್ದರು.

"ಇಷ್ಟು ಮನಸ್ಸಿಗೆ ತಟ್ಟಿದ ಪ್ರೆಸೆಂಟೇಷನ್ ನಾನು ನೋಡಿಲ್ಲ. ನಾಳೆ ಹಾವೇರಿ, ಆಮೇಲೆ ಗದಗ."

"ಸರ್, ನನಗೆ ಸ್ವಲ್ಪ ದಿನ ರಜೆ ಬೇಕು. ಊರಿಗೆ ಹೋಗಿ ಅಮ್ಮನ ಜೊತೆ ಇರಬೇಕು."

ಅವನ ಕೆನ್ನೆಯ ಮೇಲೂ ಕಣ್ಣೀರು ಇನ್ನೂ ಆರಿರಲಿಲ್ಲ.

"ಈಗ ಬೇಡ ಮೇಡಂ," ಎಂದ ಮೆಲ್ಲಗೆ. "ಅಮ್ಮನ ಹತ್ತಿರ ಹೋದರೆ ನಿಮಗೆ ಸಮಾಧಾನ ಆಗಿಬಿಡುತ್ತೆ."