ದಾರಿ ತೋರಿಸುವ ನೀರು

ನರ್ಸಮ್ಮ ಬೆಳಿಗ್ಗೆಯೇ ಬಂದಿದ್ದರು; ಮಧ್ಯಾಹ್ನ ಮೂರು ಗಂಟೆಯಾದರೂ ಹೆರಿಗೆ ಆಗಲಿಲ್ಲ. ಅತ್ತೆ ಮಗಳಿಗಾಗಿ ಕಂಚಿನ ತಟ್ಟೆಯಲ್ಲಿ ಕೇಸರಿಯಿಂದ ಸುತ್ತುಸುತ್ತು ದಾರಿಯ ಚಕ್ರವ್ಯೂಹದ ಚಿತ್ರ ಬರೆದು, ನೀರಿನಲ್ಲಿ ತೊಳೆದು, ಆ ನೀರನ್ನು ಲೋಟಕ್ಕೆ ಬಸಿದರು.

"ಇದನ್ನ ಕುಡಿದ್ರೆ ಕೂಸಿಗೆ ಹೊರಗೆ ಬರೋ ದಾರಿ ಕಾಣ್ತದೆ."

ಅಳಿಯ ಇತಿಹಾಸದ ಮೇಷ್ಟ್ರು. ಹೆಂಡತಿಯ ನರಳಾಟ ಕೇಳಿ ಹೆದರಿಹೋಗಿದ್ದ. ಹೆದರಿದಾಗಲೆಲ್ಲ ಪಾಠ ಶುರು ಮಾಡುವುದು ಅವನ ಅಭ್ಯಾಸ.

"ಈ ಚಿತ್ರ ಗ್ರೀಸಿನ ಹಳೇ ನಾಣ್ಯದ ಮೇಲೂ ಇದೆ ಅತ್ತೆ. ಇಟಲಿಯ ಬಂಡೆ ಮೇಲೂ ಇದೆ."

"ಅಲ್ಲೂ ಹೆಂಗಸ್ರು ಹೆರ್ತಿದ್ರಲ್ಲ, ಅಳಿಯಂದ್ರೇ."

ಮಾತಾಡಿ ಮಾತಾಡಿ ಅವನ ಗಂಟಲು ಒಣಗಿತು. ಕೈಗೆ ಸಿಕ್ಕ ಲೋಟವನ್ನೆತ್ತಿ ಗಟಗಟನೆ ಕುಡಿದುಬಿಟ್ಟ.

ಅತ್ತೆ ಹಣೆ ಚಚ್ಚಿಕೊಂಡರು. "ಮುಗೀತು. ಇನ್ನು ನೀವೇ ಹೆರಬೇಕು."

ಮಂಚದ ಮೇಲಿದ್ದ ಹೆಂಡತಿಗೆ ನಗು ತಡೆಯಲಾಗಲಿಲ್ಲ; ಆ ನಗುವಿನ ಭರಕ್ಕೇ ಮಗು ಹೊರಬಂದು ನರ್ಸಮ್ಮನ ಕೈಗೆ ಬಿತ್ತು.